ಒಲೆ ಹೊತ್ತದ ಕೋಣೆ

ಬಿಳಿಯ ಸಾಹೇಬರ ಕಚೇರಿಗೆ ಗುಮಾಸ್ತನಾಗಿ ಧಾರವಾಡದಿಂದ ಪುಣೆಗೆ ಬಂದ ಹೊಸತರಲ್ಲಿ, ನಾನಿದ್ದ ವಾಡೆಯ ಕೋಣೆ ಸದಾ ಮುಗ್ಗಲು ನಾತ ಹೊಡೆಯುತ್ತಿತ್ತು. ಊಟವೆಲ್ಲ ಖಾನಾವಳಿಯಲ್ಲಿ, ಕೋಣೆ ಮಲಗುವುದಕ್ಕಷ್ಟೇ. ಸುಣ್ಣ ಬಳಿಸಿದೆ, ಬೇವಿನೆಲೆಯ ಹೊಗೆ ಹಾಕಿದೆ, ಲೋಬಾನ ಸುಟ್ಟೆ. ಹಾಳಾದ್ದು, ಬೆಳಗಾದರೆ ಮತ್ತೆ ಅದೇ ನಾತ.

ಪಕ್ಕದ ಕೋಣೆಯ ಬೆಳಗಾವಿ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹೇಳಿದರು: “ಒಲಿ ಹತ್ತಲಾರದ ಮನಿ ಹಿಂಗ ನಾರತದ ತಮ್ಮಾ. ದಿನಾ ಸಂಜೀಕ ಒಲಿ ಹಚ್ಚು.”

ಹಚ್ಚತೊಡಗಿದೆ. ಕೆಲವೇ ದಿನಗಳಲ್ಲಿ ನಾತ ಹೋಯಿತು.

ಒಂದು ಸಂಜೆ ಹೊಗೆ ಕಂಡು ಅಜ್ಜಿ ಹೊರಗಿನಿಂದಲೇ ಕೇಳಿದರು, “ಇವತ್ತ ಏನ್ ಅಡಗಿ ತಮ್ಮಾ?”

“ಸಾರು ಮಾಡೇನ್ರಿ ಅಜ್ಜಿ,” ಎಂದೆ, ಬಾಗಿಲು ತೆಗೆಯದೆ.

ಪಾತ್ರೆಯಲ್ಲಿ ಎಂದಿನಂತೆ ಬರೀ ನೀರು ಕುದಿಯುತ್ತಿತ್ತು.