ಆಕಾಶದಲ್ಲೂ ಒತ್ತುವರಿ

ಗುಡ್ಡ ಹತ್ತಿದರೆ ಮಾತ್ರ ಮೊಬೈಲು ಸಿಗುತ್ತಿದ್ದ ಕಾಲ. ಕಮ್ಮರಡಿ ಸುತ್ತಮುತ್ತ ಡಿಶ್ ಕೂರಿಸುವ ಹೆಂಗಸು ಅಂದರೆ ನಾನೊಬ್ಬಳೇ. ಜಂಬ ಅಂದರೆ ಅನ್ನಿ. ನನಗಿಂತ ಜಂಬ ಮೆಣಸೆ ಊರಿನಲ್ಲಿದ್ದ ನನ್ನಮ್ಮನಿಗೆ. ಅವಳು ಕೂಲಿಗೆ ಹೋಗುತ್ತಿದ್ದ ತೋಟದ ಒಡೆಯರ ಮನೆ ಟಿ.ವಿ. ಕೆಟ್ಟಿತು. ಕೊಪ್ಪದಿಂದ ಬಂದ ಇಬ್ಬರು ಮೆಕ್ಯಾನಿಕ್‌ಗಳು ಕೈಚೆಲ್ಲಿ ಹೋದರು. ಅಮ್ಮ ಸುಮ್ಮನಿರಬೇಕಲ್ಲ! "ನನ್ನ ಮಗಳು ಸರಿ ಮಾಡ್ತಾಳೆ ಒಡೇರೆ. ಮಾಡದಿದ್ರೆ ನಿಮ್ಮ ಅಂಗಳಕ್ಕೆ ಮತ್ತೆ ಕಾಲಿಡಲ್ಲ" ಅಂದುಬಿಟ್ಟಳು. ಎಂತ ಹೆಂಗಸು ಮಾರಾಯ್ರೆ! ಇಷ್ಟು ವರ್ಷದ ಕೆಲಸವನ್ನೇ ನನ್ನ ಸ್ಪ್ಯಾನರ್ ನಂಬಿ ಪಣಕ್ಕಿಟ್ಟಿದ್ದಳು.

ಹೋಗಿ ನೋಡಿದರೆ ಟಿ.ವಿ. ಪರದೆಯಲ್ಲಿ ಸಿಗ್ನಲ್ ಪಟ್ಟಿ ತುಂಬಿದೆ, ಕ್ವಾಲಿಟಿ ಪಟ್ಟಿ ಮಾತ್ರ ಏಳುತ್ತದೆ, ಬೀಳುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದೆ. ಪಕ್ಕದ ಉಪಗ್ರಹದ ತರಂಗ ನುಗ್ಗಿದರೆ ಹೀಗೇ. "ಮೇಲೆ ಉಪಗ್ರಹಗಳು ಅಕ್ಕಪಕ್ಕದ ತೋಟದ ಹಾಗೆ ಸಾಲಾಗಿ ಇದಾವೆ. ಡಿಶ್ ದೊಡ್ಡದಿದ್ರೆ ನಮ್ಮದನ್ನಷ್ಟೇ ಹಿಡಿಯುತ್ತೆ. ಚಿಕ್ಕದಾದ್ರೆ ಪಕ್ಕದ್ದೂ ಬಂದು ಸೇರುತ್ತೆ" ಅಂದೆ.

"ಅಯ್ಯೋ ಮಾರಾಯ್ತಿ, ಅಲ್ಲೂ ಒತ್ತುವರಿಯಾ!" ಅಂದರು ಒಡೆಯರು. ಒತ್ತುವರಿ ಅಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. "ಆದ್ರೆ ನಮ್ಮದು ಎಂಟಡಿ ಡಿಶ್ಶಲ್ವಾ?"

ಏಣಿ ಹಾಕಿ ತಾರಸಿ ಹತ್ತಿದೆ. ಕೆಳಗಿನಿಂದ ಇಡಿಯಾಗಿ ಕಂಡಿದ್ದ ಡಿಶ್ಶಿನಲ್ಲಿ ಒಂದು ಬದಿಯ ಲೋಹದ ಜಾಲರಿಯೇ ಇಲ್ಲ! ಅಲ್ಲಿ ನರ್ಸರಿ ಗಿಡಗಳಿಗೆ ನೆರಳು ಮಾಡುವ ಕಪ್ಪು ಬಲೆ, ಶೇಡ್ ನೆಟ್, ಬಿಗಿದಿದ್ದಾರೆ. ಪ್ಲಾಸ್ಟಿಕ್ಕಿಗೆ ತರಂಗ ನಿಲ್ಲುತ್ತದೆಯೇ? ಎಂಟಡಿ ಡಿಶ್ಶು ಚಿಕ್ಕ ಡಿಶ್ಶಾಗಿ ಕೂತಿತ್ತು. ಬಗ್ಗಿ ಗಂಟು ನೋಡಿದೆ. ಕಾಳುಮೆಣಸಿನ ಬಳ್ಳಿ ಕಟ್ಟುವಾಗ ಅಮ್ಮ ಹಾಕುವ ಗಂಟು. ಜಾಲರಿಯೂ ಮೇಲಿಂದಲೇ ಕಂಡಿತು, ಹಿತ್ತಲಲ್ಲಿ ಒಣಹಾಕಿದ ಮೆಣಸಿನ ಮೇಲೆ.

ಇಳಿದು ಅದನ್ನು ತಂದು ಬೋಲ್ಟ್ ಬಿಗಿದೆ. ಚಿತ್ರ ಗಟ್ಟಿಯಾಗಿ ನಿಂತಿತು. "ಎಂತ ಆಗಿತ್ತು?" ಅಂತ ಒಡೆಯರು ಕೇಳಿದರು. ಎಲ್ಲ ಆಕಾಶದ ತಲೆಗೆ ಕಟ್ಟೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಜಾಲರಿ ಬಿಚ್ಚಿದ್ದು ನಾನು ಒಡೇರೆ, ಒಣಹಾಕಿದ ಮೆಣಸಿಗೆ ಕೋಳಿ ಕಾಟ ಅಂತ. ಬದಲಿಗೆ ಬಲೆ ಕಟ್ಟಿದ್ನಲ್ಲ, ಸಾಕು ಅಂದ್ಕೊಂಡಿದ್ದೆ. ಕೊಪ್ಪದ ಇಬ್ರು ಗಂಡಸರಿಗೆ ಕಾಣ್ಲಿಲ್ಲ, ನನ್ನ ಮಗಳಿಗೆ ಕಾಣ್ತು. ಬೈಯೋದಿದ್ರೆ ನನಗೆ ಬೈರಿ. ಮೊದ್ಲು ಅವಳಿಗೊಂದು ಕುರ್ಚಿ ಕೊಡಿ."

ಒಡೆಯರು ತಾವೇ ಒಳಗೆ ಹೋಗಿ ಕುರ್ಚಿ ತಂದು ಜಗಲಿಯಲ್ಲಿಟ್ಟರು. ಆ ಜಗಲಿಯಲ್ಲಿ ನಮ್ಮವರು ಯಾರೂ ಕುರ್ಚಿ ಮೇಲೆ ಕೂತದ್ದಿಲ್ಲ. ನಾನು ಅಮ್ಮನ ರಟ್ಟೆ ಹಿಡಿದು ಅದರಲ್ಲಿ ಕೂರಿಸಿದೆ.