ಮೋತಿಯ ಗಂಟು, ಅತ್ತೆಯ ಪ್ರಶ್ನೆ

“ಇಂಥಾ ಗಂಟು ಮನಶ್ಯಾರಿಗೂ ಆಗ್ತದೇನ್ರಿ?” ಎಂದು ನನ್ನ ಅತ್ತೆ ಕೇಳಿದಾಗ, ದನದ ದವಾಖಾನೆಯ ಡಾಕ್ಟರು ನಮ್ಮ ನಾಯಿಯ ಮೇಲಿನ ಕೈ ತೆಗೆದು ಅವರ ಮುಖ ನೋಡಿದರು.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಹೊಸತು. ಕುರಿ ಕಾಯುವ ನಮ್ಮ ಮೋತಿಯ ಹೊಟ್ಟೆಯ ಮೇಲೊಂದು ಗಂಟು ಎದ್ದಿತ್ತು. ಉಣ್ಣಿ ಕಚ್ಚಿರಬೇಕೆಂದು ಅರಿಶಿನ ಹಚ್ಚಿ ಹಚ್ಚಿ ಸಾಕಾಗಿ, ರಾಮಸಮುದ್ರದಿಂದ ಬಿಸಿಲಲ್ಲಿ ಯಾದಗಿರಿಗೆ ನಡೆದು ಬಂದಿದ್ದೆವು.

ಡಾಕ್ಟರು ಒತ್ತಿ ನೋಡಿ, “ಉಣ್ಣಿ ಅಲ್ರಿ ಇದು. ಗಂಟು ಗಟ್ಟಿ ಅದ, ಬೆಳ್ಯಾಕತ್ತದ, ಮ್ಯಾಲಿನ ಹುಣ್ಣು ಮಾಯವಲ್ದು. ಕಂಡ ಕೂಡ್ಲೆ ತೋರಿಸಬೇಕಿತ್ತು” ಎಂದರು. ಅತ್ತೆ ಆ ಪ್ರಶ್ನೆ ಕೇಳಿದ್ದು ಆಗಲೇ. ಸೆರಗಿನ ಮೇಲಿಂದಲೇ ಎದೆ ಮುಟ್ಟಿಕೊಂಡು, “ನನಗೂ ಒಂದು ಅದರಿ. ಕೆಲಸದಾಗ ಯಾರ ಮುಂದ ಹೇಳ್ಲಿ ಅಂತ ಬಿಟ್ಟಿದ್ದೆ” ಎಂದರು. ದಿನವಿಡೀ ಜೊತೆಗಿರುವ ನನಗೂ ಅದು ತಿಳಿದಿರಲಿಲ್ಲ. ಡಾಕ್ಟರು ನಮ್ಮನ್ನು ಮನುಷ್ಯರ ದವಾಖಾನೆಗೆ ಕರೆದೊಯ್ದರು.

ಮೋತಿ ಆ ಬೇಸಿಗೆ ದಾಟಲಿಲ್ಲ. ಹೈದರಾಬಾದಿನಲ್ಲಿ ಗಂಟು ತೆಗೆಸಿಕೊಂಡ ಅತ್ತೆ ನನ್ನ ಮಕ್ಕಳ ಮದುವೆ ನೋಡುವವರೆಗೂ ಬದುಕಿದರು. ಆಪರೇಷನ್ ಆದ ಬದಿಯ ಎಡಗೈ ಮಾತ್ರ ಮೇಲೇಳುತ್ತಿರಲಿಲ್ಲ. ಹೀಗಾಗಿ ಅವರ ತಲೆ ನಾನೇ ಬಾಚುತ್ತಿದ್ದೆ. ಆ ಹೊತ್ತಿನಲ್ಲಿ, ಎಲ್ಲೆಲ್ಲಿ ನೋಯುತ್ತಿದೆ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು.