ಟವೆಲ್ಲಿನಡಿಯ ಬೆರಳುಗಳು

ನನ್ನ ಹೆಗಲ ಮೇಲೆ ಸದಾ ಒಂದು ಬಿಳಿ ಟವೆಲ್ ಇರುತ್ತಿತ್ತು. ಅಂಚು ಎಳೆಬಿಟ್ಟದ್ದು, ಎಷ್ಟು ಒಗೆದರೂ ದನದ ವಾಸನೆ ಬಿಡದ್ದು. ಹುಮನಾಬಾದಿನ ದನದ ಸಂತೆಯಲ್ಲಿ ದಲ್ಲಾಳಿಯಾಗಿ ನಾನು ಬದುಕು ಕಟ್ಟಿಕೊಂಡದ್ದು ಅದರ ಕೆಳಗೆ. ಕೊಳ್ಳುವವನ ಕೈ, ಮಾರುವವನ ಕೈ ಟವೆಲ್ಲಿನಡಿ ಸೇರುತ್ತವೆ. ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ, ಬಿಟ್ಟರೆ ಒಲ್ಲೆ. ಸುತ್ತ ನೂರು ಜನ ನಿಂತಿದ್ದರೂ ಒಳಗಿನದು ಯಾರಿಗೂ ತಿಳಿಯದು. ಮುಖಗಳು ಮಾತ್ರ ಮಳೆ-ಬೆಳೆಯ ಮಾತಾಡುತ್ತಿರುತ್ತವೆ. ಇಂಥ ಶಾಲೆಯಲ್ಲಿ ಕಲಿತವನು ಪ್ರೇಮದ ದೃಶ್ಯ ಬರೆಯುವಾಗ ಟವೆಲ್ಲನ್ನೇ ಕಿತ್ತೆಸೆದೆನಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ, ಗೆಳೆಯರೇ.

ಬಸವಕಲ್ಯಾಣದಲ್ಲಿ ನೆಲೆನಿಂತ ಮೇಲೆ ಕಾದಂಬರಿಯೊಂದನ್ನು ಬರೆದೆ. ಚಾಲುಕ್ಯರ ಕಾಲದ್ದು, ನಾರಾಯಣಪುರದ ಶಿವಾಲಯಕ್ಕೆ ಕಲ್ಲು ಕಡಿಯುವ ಒಬ್ಬ, ಅಲ್ಲಿಗೆ ನೀರು ಹೊರುವ ಒಬ್ಬಳು. ಅವರ ಪ್ರೇಮದ ಹತ್ತಿರ ಬಂದಾಗ ಹಳೇ ಚಾಳಿ ಎದ್ದಿತು. ಸಂತೆಯಲ್ಲಿ ಮೊದಲ ಮಾತಿಗೆ ಯಾರೂ ಒಪ್ಪುವುದಿಲ್ಲ, ಅದಕ್ಕೇ ದುಪ್ಪಟ್ಟು ಹೇಳುವುದು. ಪ್ರಕಾಶಕನೂ ಅರ್ಧ ಕತ್ತರಿಸಿಯಾನು ಎಂದೆಣಿಸಿ ದುಪ್ಪಟ್ಟು ಪ್ರೇಮ ಬರೆದೆ: ಒದ್ದೆ ಸೆರಗು, ಬಿಸಿಯುಸಿರು, ತುಟಿಗೆ ತುಟಿ, ನಡುವೆ ಎರಡು ನವಿಲು. ಆ ಪುಣ್ಯಾತ್ಮ ಒಂದಕ್ಷರವೂ ಚೌಕಾಸಿ ಮಾಡಲಿಲ್ಲ!

"ಕಾಕಾ, ಬಾಕಿ ಪುಸ್ತಕ ಹ್ಯಾಂಗರ ಇರ್ಲಿ, ಈ ನಾಕು ಪುಟ ಜಬರ್ದಸ್ತ್ ಅವರಿ. ಮುಖಪುಟದಾಗ ಇದೇ ಚಿತ್ರ ಹಾಕಾಕತ್ತೇವಿ" ಎಂದು ಫೋನಿನಲ್ಲೇ ಕುಣಿದ.

ಅಚ್ಚಿನ ಕರಡು ಮನೆಗೆ ಬಂತು. ಮರುದಿನವೇ ತಿದ್ದಿ ಕಳಿಸಬೇಕು, ಇಲ್ಲವಾದರೆ ಹಾಗೆಯೇ ಪುಸ್ತಕ. ನನಗಿಂತ ಮೊದಲು ಓದಿದವಳು ಹೆಂಡತಿ.

"ಏನ್ರಿ, ಈಕಿ ಮುಂಜಾನಿಂದ ಮಂದಿಗೆಲ್ಲ ನೀರು ಹೊತ್ತಾಳ. ಆಕಿ ಬೆನ್ನು ನೋಯಂಗಿಲ್ಲೇನು? ಇಂವಾ ಬಂದವನೇ ಸೆರಗಿಗಿ ಕೈ ಹಾಕ್ತಾನ. ನಾ ಆಗಿದ್ರ ತುಂಬಿದ ಕೊಡ ಅವನ ತಲಿ ಮ್ಯಾಲ ಹಾಕ್ತಿದ್ದೆ."

"ಪ್ರೀತಿ ಅಂದ್ರ ಹಂಗೇ ಇರ್ತದ" ಎಂದು ಗದರಿದೆ.

"ಯಾರು ಹೇಳ್ಯಾರ? ನೀವು ಚಿಟಗುಪ್ಪಕ್ಕ ನನ್ನ ನೋಡಾಕ ಬಂದಾಗ ಮಾರಿ ಸೈತ ನೋಡ್ಲಿಲ್ಲ. 'ನಿಮ್ಮ ಎಮ್ಮಿ ಹಿಂದಿನ ಕಾಲು ನೋಯಾಕತ್ತದ, ಹಿಂಡಾವ್ರಿಗಿ ಒದೀತದ' ಅಂದ್ರಿ. ಮರುದಿನ ಅದರ ಕಾಲಿಗಿ ಎಣ್ಣಿ ಕಳಿಸಿದ್ರಿ. ಹಿಂಡಾಕಿ ನಾನೇ ಇದ್ದೆ. ಅವತ್ತೇ ಹೂಂ ಅಂದೀನಿ."

ಇಷ್ಟು ವರ್ಷ ಆ ಹೂಂ ನನ್ನ ಮಾತಿನ ಚಾತುರ್ಯದ ಫಲವೆಂದುಕೊಂಡಿದ್ದೆ!

ಏನನ್ನೂ ಕತ್ತರಿಸದ ಪ್ರಕಾಶಕನ ಮೇಲಿದ್ದ ಸಿಟ್ಟು ಆಗ ನನ್ನತ್ತಲೇ ತಿರುಗಿತು. ಸತ್ತು ಶತಮಾನಗಳಾದವರು ಜಗಳಕ್ಕೆ ಬರುವುದಿಲ್ಲವೆಂಬ ಧೈರ್ಯದಿಂದಲ್ಲವೇ ನಾವು ಅವರ ಬಟ್ಟೆ ಬಿಚ್ಚುವುದು? ಟವೆಲ್ಲಿನಡಿ ಕೈಯಿಡದವನ ದನವನ್ನು ಮಾರಿದರೆ ಸಂತೆಯಲ್ಲಿ ಅದಕ್ಕೆ ಕಳ್ಳತನವೆನ್ನುತ್ತಾರೆ. ನಾವು ಕಲ್ಪನೆ ಎನ್ನುತ್ತೇವೆ. ಕೇಳದಿದ್ದರೂ ಸಲಹೆ ಕೊಡುವವನು ನಾನು, ಕೇಳಿ: ಅವಳ ದಿನದ ಕೆಲಸವೇನು, ನೋವೆಲ್ಲಿ, ಸುತ್ತ ಯಾರ ಕಣ್ಣಿದೆ ಎಂದು ತಿಳಿಯುವ ಮೊದಲು ಯಾರಿಂದಲೂ ಅವಳ ಕೈ ಹಿಡಿಸಬೇಡಿ.

ನಾಲ್ಕೂ ಪುಟ ಹೊಡೆದುಹಾಕಿದೆ. ಅಲ್ಲೀಗ ಇರುವುದು ಇಷ್ಟೇ: ಬಾವಿಯ ಮೆಟ್ಟಿಲೊಂದರ ಚೂಪು ಅಂಚು ದಿನವೂ ಅವಳ ಕಾಲು ಕೊಯ್ಯುತ್ತಿತ್ತು. ಒಂದು ಮುಂಜಾನೆ ಅದು ಉಳಿಯ ಏಟಿಗೆ ನುಣುಪಾಗಿತ್ತು. ಅವಳು ಆ ಮೆಟ್ಟಿಲ ಮೇಲೆ ಒಂದು ಗಳಿಗೆ ಹೆಚ್ಚು ನಿಂತಳು. ಅಂದು ಮೊದಲ ನೀರು ಅವನಿಗೆ.

"ಕಾಕಾ, ನವಿಲರ ಇರ್ಲಿರಿ!" ಎಂದು ಪ್ರಕಾಶಕ ಗೋಗರೆದ.

"ಒಂದು ಪುಕ್ಕ ಸೈತ ಇಲ್ಲ."

"ಹಂಗಾದ್ರ ಬ್ಯಾರೆ ಕಡಿ ನೋಡ್ಕೋರಿ" ಎಂದು ಫೋನಿಟ್ಟ. ಚೌಕಾಸಿಯಿಲ್ಲದೆ ನಾನು ಮುರಿದುಕೊಂಡ ಮೊದಲ ವ್ಯವಹಾರ ಅದು.

ಹಸ್ತಪ್ರತಿಯನ್ನು ಆ ಟವೆಲ್ಲಿನಲ್ಲೇ ಸುತ್ತಿ ಕಪಾಟಿನಲ್ಲಿಟ್ಟೆ. ನಿನ್ನೆ ತೆಗೆದು ನೋಡಿದರೆ ಎಳೆಬಿಟ್ಟ ಅಂಚನ್ನು ಯಾರೋ ಸಣ್ಣ ಸಣ್ಣ ಹೊಲಿಗೆ ಹಾಕಿ ಮಡಚಿದ್ದಾರೆ. ಮನೆಯಲ್ಲಿರುವವರು ನಾವಿಬ್ಬರೇ. ಊಟಕ್ಕೆ ಕೂತು, ಈ ಸಲ ತೊಗರಿ ಹೇಗೆ ಬಂದೀತು ಎಂದು ಮಾತಾಡಿದೆವು.